ಬೀರಣ್ಣನ ವಾಸನೆ

ಸಿದ್ದರಾಮೇಶ ಸಾರಾಯಿ ಬಾಟಲಿಯ ಮುಚ್ಚಳ ತಿರುವುತ್ತಿದ್ದಂತೆ ಸಕ್ಕುಬಾಯಿ ಅವನ ಮಣಿಕಟ್ಟು ಹಿಡಿದಳು.

"ಬ್ಯಾಡಪಾ. ಅವ್ರು ಕುಡೀತಿದ್ದಿಲ್ಲ."

"ವೈನಿ, ದೋಸ್ತ ಹೊಂಟಾನ. ಅಂವಗ ಇಷ್ಟ ಇದ್ದದ್ದು ಎರಡು ಹನಿ ಬಾಯಾಗ ಬಿಟ್ಟು ಕಳಸ್ತೇನಿ."

ಗೊಬ್ಬೂರಿನ ಆ ಅಂಗಳದಲ್ಲಿ ಸಕ್ಕುಬಾಯಿಯ ಗಂಡ ಬೀರಣ್ಣನನ್ನು ಮೀಯಿಸಿ, ಹೊಸ ಧೋತರ ಹೊದಿಸಿ, ಕಟ್ಟೆಗೆ ಒರಗಿಸಿ ಕೂಡಿಸಿದ್ದರು. ನಿನ್ನೆ ಅಫಜಲಪುರ ರಸ್ತೆಯ ಗ್ಯಾರೇಜಿನಲ್ಲಿ ಕಬ್ಬಿನ ಟ್ರ್ಯಾಲಿಗೆ ಬಣ್ಣ ಹೊಡೆಯುತ್ತಿದ್ದವನು ತಲೆ ತಿರುಗಿ ಮೇಲಿಂದ ಬಿದ್ದು ಸತ್ತಿದ್ದ. ಕುಡಿದು ತೂರಾಡಿ ಬಿದ್ದ ಎಂದು ಊರು ಆಗಲೇ ತೀರ್ಮಾನಿಸಿಬಿಟ್ಟಿತ್ತು.

"ಈಗ್ಯಾಕ ಮುಚ್ಚತಿ ಸಕ್ಕೂ?" ಪಕ್ಕದ ಮನೆಯ ರೇವಮ್ಮ ಅಭ್ಯಾಸಬಲದಿಂದ ಸೆರಗು ಮೂಗಿಗೆ ಹಿಡಿದಳು. "ಬಾಜು ಹಾದ್ರ ಸಾಕು, ಗಮ್ ಅಂತಿದ್ದ. ಕಣ್ಣಂತೂ ಕೆಂಡ!"

ಜೊತೆಗೆ ಬಣ್ಣ ಹೊಡೆಯುತ್ತಿದ್ದ ಮುರ್ತುಜಾ ಮುಂದೆ ಬಂದ. "ಅದು ಬ್ಯೂಟನಾಲ್ ರೀ. ಬಣ್ಣಕ್ಕ ಹಾಕೂ ಥಿನ್ನರಿನಾಗ ಇರ್ತದ. ಅದೂ ಒಂದು ನಮೂನಿ ಆಲ್ಕೊಹಾಲೇ ಖರೆ, ಕುಡ್ಯೂದಲ್ಲ. ಶೆಡ್ಡಿನಾಗ ಗಾಳಿ ಇಲ್ಲ, ನನ್ನ ತಲೀನೂ ತಿರಗ್ತದ."

"ನೋಡ್ರೆಪಾ, ಜೋಡಿ ಕುಡ್ಯಾಂವ ಸಾಕ್ಷಿ ಹೇಳಾಕತ್ತಾನ!" ಎಂದರು ಯಾರೋ. ಸಾವಿನ ಮನೆ ಎನ್ನುವುದನ್ನೂ ಮರೆತು ಅಂಗಳ ನಕ್ಕಿತು.

*

ಮದುವೆಯಾದ ಹೊಸದರಲ್ಲಿ ಸಕ್ಕುಬಾಯಿಯೂ ಹಾಗೇ ತಿಳಿದಿದ್ದಳು. ಒಂದು ಸಂಜೆ ಬೀರಣ್ಣ ಅಂಗಿ ಬಿಚ್ಚಿ ದೂರ ಎಸೆದು, ಅವಳ ಮುಂದೆ ಬಾಯಿ ತೆರೆದು 'ಹಾ' ಎಂದು ಉಸಿರು ಬಿಟ್ಟ.

"ಏನ್ ವಾಸನಿ?"

"ಉಳ್ಳಾಗಡ್ಡಿ."

ಇಬ್ಬರೂ ಬಿದ್ದು ಬಿದ್ದು ನಕ್ಕರು.

"ಊರ ಮಂದಿಗೂ ಹಿಂಗ ತೋರಸ್ರಿ."

"ಯಾರ್ಯಾರ ಮುಂದ ಬಾಯಿ ತೆರೀಲಿ? ನಿನಗ ಗೊತ್ತದಲ್ಲ, ಸಾಕು."

ಆಮೇಲೆ ಮದುವೆ ಊಟದ ಸಾಲಿನಲ್ಲಿ ಪಕ್ಕದವರು ಎದ್ದು ಹೋದರೂ ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ.

*

ಗಂಡನ ಕೆಲಸದ ಅಂಗಿ ತಂದು ಎಲ್ಲರಿಗೂ ಮೂಸಿಸಬೇಕೆಂದು ಸಕ್ಕುಬಾಯಿ ಒಳಗೆ ಹೋದಳು. ಗೂಟ ಖಾಲಿ. ಸತ್ತವನ ಬಟ್ಟೆಯೆಂದು ಬೆಳಗ್ಗೆಯೇ ಹಳ್ಳಕ್ಕೆ ಬಿಟ್ಟಿದ್ದರು. ಹೊರಗೆ ಬಂದು ಗಂಡನ ಕೊರಳಿಗೆ ಮೂಗು ಹಚ್ಚಿದಳು. ಸಾಬೂನು, ಊದಿನಕಡ್ಡಿ ಅಷ್ಟೇ; ಇಷ್ಟು ವರ್ಷ ಊರೇ ಮೂಗು ಮುಚ್ಚಿಕೊಂಡಿದ್ದ ಆ ವಾಸನೆ ಎಲ್ಲಿಯೂ ಇರಲಿಲ್ಲ.

"ಹೊತ್ತಾಗ್ತದ ವೈನಿ, ಸರೀರಿ."

ಸಿದ್ದರಾಮೇಶನ ಕಣ್ಣಲ್ಲಿ ನಿಜವಾದ ನೀರಿತ್ತು. ಬಾಟಲಿ ಬಾಗಿತು. ಸಕ್ಕುಬಾಯಿ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಗಂಡನ ತುಟಿಗೆ ಅಂಗೈ ಒತ್ತಿ ಹಿಡಿದಳು. ಸಾರಾಯಿ ಅವಳ ಬೆರಳುಗಳ ಮೇಲೆ ಬಿದ್ದು, ಬಳೆಗಳ ನಡುವೆ ಹಾದು, ಮೊಣಕೈಯಿಂದ ತೊಟ್ಟಿಕ್ಕತೊಡಗಿತು. ಬಾಟಲಿ ಬರಿದಾದರೂ ಅವಳು ಕೈ ತೆಗೆಯಲಿಲ್ಲ.