ತಳಿ, ತೆಳಿ

"ಪ್ರಭಾವತಿ, ಆ ಮಡ್ಕಿ ಕೆಳ್ಗಿಡ್!"

ಗಂಡ ಸುಬ್ಬನ ಹೆಣದ ಕಾಲ ಬುಡದಲ್ಲಿ ಕೂತಿದ್ದ ಪುಷ್ಪ ಎದ್ದು ನಿಂತ ರಭಸಕ್ಕೆ ಸುತ್ತ ಕೂತಿದ್ದ ಹೆಂಗಸರು ಹೌಹಾರಿದರು. ಬೆಳಿಗ್ಗೆಯಿಂದ ತುಟಿ ಪಿಟಕ್ಕೆನ್ನದವಳು, ಒಂದು ಹನಿ ಕಣ್ಣೀರು ಹಾಕದವಳು, ಈಗ ಒಂದು ಮಡಕೆಗೆ ಹೀಗೆ ಕೂಗುವುದೇ! ನೆರೆಮನೆಯ ಪ್ರಭಾವತಿ ಗಂಜಿಯ ಮಡಕೆ ಹಿಡಿದುಕೊಂಡು ಹಿತ್ತಿಲ ಬಾಗಿಲಲ್ಲೇ ನಿಂತುಬಿಟ್ಟಳು.

"ಸಾವಾದ್ ಮನೆಲಿ ಬೇಯ್ಸಿದ್ದ್ ಇಟ್ಕಂಬುಕಾಗ ಪುಷ್ಪಕ್ಕ. ತೆಂಗಿನ್ ಬುಡಕ್ಕ್ ಚೆಲ್ತೆ."

"ಚೆಲ್ಬೇಡ. ಅದ್ ಅವ್ರ್ ಉಂಡ್ ಉಳ್ದದ್ದ್."

ಪ್ರಭಾವತಿ ಉಳಿದ ಹೆಂಗಸರ ಮುಖ ನೋಡಿದಳು. ಪಾಪ, ತಲೆ ಕೆಟ್ಟಿದೆ ಎಂದು ಯಾರೋ ಕಣ್ಣಲ್ಲೇ ಹೇಳಿದರು. ಮಡಕೆ ಮತ್ತೆ ಒಲೆಯ ಪಕ್ಕಕ್ಕೆ ಹೋಯಿತು.

ಅಂಗಳದಲ್ಲಿ ಸುಬ್ಬನ ತಮ್ಮ ಸೂರ ಚಟ್ಟಕ್ಕೆ ತೆಂಗಿನ ಮಡಲು ಹೆಣೆಯುವವರ ಜೊತೆ ಅಣ್ಣನ ಗುಣಗಾನಕ್ಕೆ ಇಳಿದಿದ್ದ. "ಕಣ್ ಕಟ್ಟಿ ಗಂಜಿ ಹಾಕಿ ಕಾಣಿ, ಯಾವ್ ಗದ್ದೆದ್ ಅಕ್ಕಿ ಅಂದೇಳಿ ಹೇಳ್ತಿದ್ದ ನಮ್ ಅಣ್ಣಯ್ಯ. ಆ ನಾಲ್ಗಿ ಇನ್ನೊಬ್ರಿಗ್ ಬಪ್ದಲ್ಲ ಮರಾಯ್ರೆ."

ಒಳಗೆ ಕೂತಿದ್ದ ಪುಷ್ಪನಿಗೆ ಅದು ಕೇಳಿಸಿತು. ಆ ನಾಲಗೆಯ ಗುಟ್ಟು ಗೊತ್ತಿದ್ದದ್ದು ಇಬ್ಬರಿಗೆ. ಅವರಲ್ಲಿ ಒಬ್ಬ ಈಗ ಚಾಪೆಯ ಮೇಲೆ ಮಲಗಿದ್ದ.

*

ಸುಬ್ಬ ಬ್ರಹ್ಮಾವರದ ಭತ್ತದ ಸಂಶೋಧನಾ ಕೇಂದ್ರಕ್ಕೆ ದಿನಗೂಲಿಗೆ ಸೇರಿದ್ದು ನಾಟಿಯ ಸಸಿ, ನೇಜಿ ಕೀಳುವುದಕ್ಕೆ. ಆದರೆ ಹೆಸರು ಮಾಡಿದ್ದು ನಾಲಗೆಯಿಂದ. ಹೊಸ ತಳಿ ಎಷ್ಟು ಬೆಳೆಯುತ್ತದೆ, ಯಾವ ರೋಗ ತಡೆಯುತ್ತದೆ ಎಂದು ಯಂತ್ರಗಳು ಹೇಳುತ್ತಿದ್ದವು. ಅದರ ಕುಚ್ಚಲಕ್ಕಿ ಊರವರ ಬಾಯಿಗೆ ಹಿಡಿಸುತ್ತದೋ ಇಲ್ಲವೋ ಎಂದು ಹೇಳುವವನು ಸುಬ್ಬ. ಅವನ ತೀರ್ಪು ಎರಡೇ ಬಗೆ: ಮಿಡಿ ಬೇಕು, ಮಿಡಿ ಬೇಡ. ಒಳ್ಳೆಯ ಗಂಜಿಗೆ ಮಾವಿನ ಮಿಡಿ ಉಪ್ಪಿನಕಾಯಿಯೂ ಬೇಡ, ಬರಿದೇ ಇಳಿಯುತ್ತದೆ ಎಂಬುದು ಅವನ ಲೆಕ್ಕ. ಕೆಲಸದಿಂದ ನಿವೃತ್ತನಾದ ಮೇಲೂ ಪ್ರತಿ ಕೊಯ್ಲಾದ ಮೇಲೆ ಅಕ್ಕಿಯ ಪೊಟ್ಟಣಗಳು ಮನೆಗೇ ಬರುತ್ತಿದ್ದವು.

ಆರು ವರ್ಷದ ಹಿಂದೆ ನವ್ಯಶ್ರೀ ತನ್ನ ಮೊದಲ ತಳಿ ತಂದಿದ್ದಳು. ಸಾಲಿಗ್ರಾಮದ ಹುಡುಗಿ, ಕೇಂದ್ರದಲ್ಲಿ ವಿಜ್ಞಾನಿ.

"ಉಪ್ಪುನೀರ್ ನಿಂತ್ರೂ ಸಾಯುದಿಲ್ಲ ಸುಬ್ಬಣ್ಣ. ಎಕ್ರೆಗ್ ಹದ್ನೆಂಟ್ ಕ್ವಿಂಟಲ್ ಬತ್ತ್" ಎಂದು ಕಣ್ಣರಳಿಸಿದ್ದಳು.

ಸುಬ್ಬ ಬಟ್ಟಲನ್ನು ಓರೆ ಮಾಡಿ, ಗಂಜಿಯ ಮೇಲೆ ನಿಂತ ತಿಳಿನೀರನ್ನು, ತೆಳಿಯನ್ನು ನೋಡಿ, ಒಂದು ಗುಟುಕು ಕುಡಿದು ಕೆಳಗಿಟ್ಟ. "ಬರ್ಲಿ ಮೇಡಮ್ರೇ. ನೀವ್ ತಳಿ ಕಾಂಬರ್, ನಾವ್ ತೆಳಿ ಕಾಂಬರ್. ತೆಳಿ ಲೋಳೆ ಇತ್ತ್. ಮಿಡಿ ಬೇಕ್ ಅಂದೇಳಿ ಬರ್ಕಣಿ."

ಹುಡುಗಿ ಅಲ್ಲೇ ಜಗಲಿಯಲ್ಲಿ ಅತ್ತುಬಿಟ್ಟಿದ್ದಳು. ಸುಬ್ಬ ಮಾತು ಬದಲಿಸಲಿಲ್ಲ. ಆ ತಳಿ ಗೆದ್ದಿದ್ದರೆ ಮೊದಲು ಬಿತ್ತಬೇಕಾದವನು ಅವನೇ. ಕೋಟದ ಪಡುವಲಿಗೆ, ಹೊಳೆಯ ಬದಿಯಲ್ಲಿದ್ದ ಅವನ ಗದ್ದೆಗೆ ಉಪ್ಪುನೀರು ಏರಿ ಆಗಲೇ ಐದು ವರ್ಷ ಬಿತ್ತನೆಯಿಲ್ಲದೆ ಹಡಿಲು ಬಿದ್ದಿತ್ತು.

*

ಹೆಣವನ್ನು ಮೀಯಿಸಿದರು. ಬಾಯಿಗೆ ನೀರು ಬಿಡುವ ಹೊತ್ತಾಯಿತು. ಒಬ್ಬೊಬ್ಬರಾಗಿ ಬಂದು ತುಳಸಿ ಕುಡಿಯಿಂದ ನೀರು ಬಿಟ್ಟು, ನಾಲ್ಕು ಕಾಳು ಅಕ್ಕಿ ಹಾಕಿದರು. ನವ್ಯಶ್ರೀಯೂ ಬಂದಿದ್ದಳು. ಅವಳು ಹಾಕಿದ ಕಾಳುಗಳು ಬಾಯಿ ತಪ್ಪಿ ಸುಬ್ಬನ ಗದ್ದದ ಮೇಲೆ ಬಿದ್ದವು.

ಪುಷ್ಪನ ಸರದಿ ಬಂದಾಗ ಅವಳು ಸುಮ್ಮನೆ ಆ ಬಾಯನ್ನೇ ನೋಡಿದಳು. ಮೂರು ವರ್ಷದ ಹಿಂದೆ ಒಂದು ಜ್ವರ ಬಂದು, ಹೋಗುವಾಗ ರುಚಿಯನ್ನೂ ಕಟ್ಟಿಕೊಂಡು ಹೋಗಿತ್ತು. ಒಂದು ದಿನ ಮೀನು ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಸುಬ್ಬ ಲಾಯ್ಕಿತ್ತ್ ಎಂದು ಸುರಿದುಕೊಂಡು ಉಂಡಾಗಲೇ ಅವಳಿಗೆ ಗೊತ್ತಾದದ್ದು. ಯಾರಿಗೂ ಹೇಳಬೇಡ ಎಂದು ಅವಳ ಕೈ ಹಿಡಿದುಕೊಂಡಿದ್ದ. ಅಲ್ಲಿಂದ ಮುಂದೆ ಒಳಗೆ ಪುಷ್ಪ ರುಚಿ ನೋಡುವುದು, ಒಳ್ಳೆಯ ಗಂಜಿಯಾದರೆ ಬಟ್ಟಲಿಗೆ ಮಿಡಿ ಇಡದೆ ತರುವುದು, ಅಲ್ಲದಿದ್ದರೆ ಇಟ್ಟು ತರುವುದು. ಅದನ್ನು ನೋಡಿ ಸುಬ್ಬ ಗಂಭೀರವಾಗಿ ತೀರ್ಪು ಕೊಡುವುದು.

"ಹಾಕಿ ಅತ್ಗಿ, ಹೊತ್ತಾತ್ತ್" ಎಂದ ಸೂರ.

ಅವಳು ಕಾಳು ಹಾಕಿದಳು.

*

ನಿನ್ನೆ ಸಂಜೆ ಒಲೆಯ ಮೇಲಿದ್ದದ್ದು ನವ್ಯಶ್ರೀಯ ಎರಡನೆಯ ತಳಿ. ಅದು ಬೆಳೆದದ್ದು ಸುಬ್ಬನದೇ ಗದ್ದೆಯಲ್ಲಿ, ಹನ್ನೊಂದು ವರ್ಷದ ಹಡಿಲು ಮುರಿದು. ಪುಷ್ಪ ಎಂದಿನಂತೆ ಸವಟಿನಲ್ಲಿ ಒಂದಿಷ್ಟು ತೆಗೆದು ಬಾಯಿಗೆ ಹಾಕಬೇಕು, ಅಷ್ಟರಲ್ಲಿ ಸುಬ್ಬ ಬಂದು ಕೈ ತಡೆದ.

"ನೀ ಇವತ್ತ್ ಬಾಯಿಗ್ ಹಾಕ್ಬೇಡ. ನಮ್ ಗದ್ದೆದ್. ನಾನೇ ಕಾಂತೆ."

"ಹ್ವಾಯ್, ಎಂತ ಕಾಂತ್ರಿ ನೀವ್? ಮಣ್ಣ್ ಕಲ್ಸಿ ಕೊಟ್ರೂ ಗೊತ್ತಾತಿಲ್ಲ ನಿಮ್ಗೆ!"

ಆಡಬಾರದಿತ್ತು, ಆಡಿಯಾಗಿತ್ತು. ಸುಬ್ಬ ನಕ್ಕನೋ ನೊಂದನೋ, ತಾನೇ ಬಡಿಸಿಕೊಂಡು ಕೂತ. ಎರಡು ಬಟ್ಟಲು ಉಂಡ, ನಿಧಾನಕ್ಕೆ, ಒಂದೊಂದು ಅಗುಳನ್ನೂ ನಾಲಗೆಯಲ್ಲಿ ಹುಡುಕಿ. ಪುಷ್ಪ ಸಿಟ್ಟಿನಲ್ಲಿ ಒಂದು ಮುಷ್ಟಿ ಅವಲಕ್ಕಿ ತಿಂದು ಮಲಗಿದಳು.

"ಹ್ಯಾಂಗಿತ್ತ್?" ಎಂದು ಕೇಳಿದ್ದಳು, ಗೋಡೆಯ ಕಡೆ ಮುಖ ಮಾಡಿಕೊಂಡೇ.

"ನಾಳೆ ಹೇಳ್ತೆ."

ಬೆಳಿಗ್ಗೆ ಸುಬ್ಬ ಏಳಲಿಲ್ಲ.

*

ಗಂಡಸರು ಹೆಣ ಎತ್ತಿಕೊಂಡು ಹೊಳೆಬದಿಯ ಗದ್ದೆಯ ಅಂಚಿಗೆ ಹೋದರು. ಮಕ್ಕಳಿಲ್ಲದ ಸುಬ್ಬನಿಗೆ ಸೂರನೇ ಬೆಂಕಿ ಕೊಡಬೇಕು. ಹಿತ್ತಿಲಿನಲ್ಲಿ ನಿಂತರೆ ಕೊಯ್ದ ಗದ್ದೆಯ ಕೂಳೆಗಳ ಆಚೆ ಹೊಗೆ ಏಳುವುದು ಕಾಣುತ್ತಿತ್ತು.

ನವ್ಯಶ್ರೀ ಇನ್ನೂ ಮನೆಗೆ ಹೋಗಿರಲಿಲ್ಲ. ಬಾವಿಕಟ್ಟೆಯ ಹತ್ತಿರ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಕೊನೆಗೆ ಬಾಯಿ ಬಿಟ್ಟಳು.

"ಪುಷ್ಪಕ್ಕ, ಕೇಂಬುಕೇ ನಾಚ್ಕಿ ಆತ್ತ್. ನಾಳೆ ಮೀಟಿಂಗ್ ಇತ್ತ್. ಹೊಳೆಬದಿಯರಿಗೆಲ್ಲ ಈ ಬೀಜ ಕೊಡುದಾ ಬೇಡ್ದಾ ಅಂದೇಳಿ. ಸುಬ್ಬಣ್ಣ ಎಂತಾರೂ ಹೇಳಿರಾ?"

ಒಂದು ಮಾತು ಸಾಕಿತ್ತು. ಮಿಡಿ ಬೇಡ ಅಂದ್ರ್ ಎಂದುಬಿಟ್ಟರೆ ಗಂಡನ ಗದ್ದೆ ಗೆಲ್ಲುತ್ತಿತ್ತು, ನಾಲಗೆಯ ಹೆಸರೂ ಉಳಿಯುತ್ತಿತ್ತು. ಪುಷ್ಪನ ತುದಿನಾಲಗೆಗೆ ಬಂದೇಬಿಟ್ಟಿತ್ತು. ಆದರೆ ಹುಡುಗಿ ಅಳುತ್ತಿದ್ದರೂ ಮಾತು ಬದಲಿಸದ ಆ ಮನುಷ್ಯನ ಮುಖ ನೆನಪಾಯಿತು.

ಅವಳು ಒಳಗೆ ಹೋಗಿ ಮಡಕೆ ತಂದಳು. ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಕೈ ಅದ್ದಿ, ತಂಗಳ ಗಂಜಿಯನ್ನು ಒಂದು ತುತ್ತು ಬಾಯಿಗಿಟ್ಟಳು. ಅಗಿದಳು. ಏನೂ ಇಲ್ಲ. ಸಿಹಿಯಿಲ್ಲ, ಪರಿಮಳವಿಲ್ಲ, ಒದ್ದೆ ಕಾಗದ ಅಗಿದಂತೆ. ಇನ್ನೊಂದು ತುತ್ತು. ಅದೂ ಹಾಗೇ. ಮೂರು ವರ್ಷ, ದಿನಕ್ಕೆ ಮೂರು ಹೊತ್ತು ಅವನು ಉಂಡದ್ದು ಇದನ್ನೇ ಅಲ್ಲವೇ? ಇದನ್ನು ಉಂಡೇ ಅಲ್ಲವೇ ಲಾಯ್ಕಿತ್ತ್ ಎನ್ನುತ್ತಿದ್ದದ್ದು?

"ಅಯ್ಯೋ ದೇವ್ರೇ" ಎಂದವಳೇ ಮಡಕೆಯ ಮೇಲೆ ಬಾಗಿ ಗೊಳೋ ಎಂದು ಅತ್ತಳು. ಪ್ರಭಾವತಿ ಓಡಿ ಬಂದು ಹಿಡಿದುಕೊಂಡಳು.

ಅತ್ತು ಸಾಕಾದ ಮೇಲೆ ಪುಷ್ಪ ಮೂಗೊರಸಿಕೊಂಡು ಹೇಳಿದಳು: "ಹೆಣ್ಣೆ, ಮೂರ್ ವರ್ಷದಿಂದ ಅವ್ರಿಗೆ ರುಚಿಯೇ ಇರ್ಲಿಲ್ಲ. ನೀ ಬರ್ಕಂಡದ್ದೆಲ್ಲ ನನ್ ನಾಲ್ಗಿ. ಸುಳ್ಳಲ್ಲ, ಒಂದೂ ಸುಳ್ಳಲ್ಲ. ಆದ್ರೆ ಇದನ್ನ್ ನಾ ತಿನ್ಲಿಲ್ಲ ನಿನ್ನಿ. ಇವತ್ತ್ ತಿಂದ್ರೆ ನಂಗೂ ಎಂತದೂ ಗೊತ್ತಾತಿಲ್ಲ."

ನವ್ಯಶ್ರೀ ಬಾವಿಕಟ್ಟೆ ಹಿಡಿದುಕೊಂಡಳು. "ಹಾಂಗಾರೆ ಯಾರ್ ಹೇಳುದ್ ಪುಷ್ಪಕ್ಕ?"

ಪುಷ್ಪ ಎದ್ದು ಒಂದು ಬಟ್ಟಲು ತಂದಳು. ಗಂಜಿ ಬಡಿಸಿ, ಬೇಕಾದರೆ ಕಚ್ಚಿಕೊಳ್ಳಲೆಂದು ಅಂಚಿಗೆ ಒಂದು ಮಿಡಿ ಇಟ್ಟು, ಮೆಟ್ಟಿಲ ಮೇಲೆ ಇಟ್ಟಳು.

"ಕೂಕೋ. ನೀನೇ ಉಣ್ಣ್."

"ಹುಚ್ಚಾ ನಿಮ್ಗೆ! ಸತ್ ಮನಿ ಗಂಜಿ ಹೊರ್ಗಿನ್ ಹೆಣ್ಣಿಗ್ ಹಾಕುದಾ?" ಎಂದಳು ಪ್ರಭಾವತಿ.

ನವ್ಯಶ್ರೀ ಕಾಲು ತೊಳೆದು ಬಂದು ಕೂತಳು. ಇಷ್ಟು ವರ್ಷ ಅವಳು ಪಕ್ಕದಲ್ಲಿ ಕೂತು ಬರೆದುಕೊಂಡದ್ದೇ ಹೊರತು, ಈ ಮನೆಯಲ್ಲಿ ಒಂದು ತುತ್ತು ಉಂಡವಳಲ್ಲ. ಬಟ್ಟಲನ್ನು ಸ್ವಲ್ಪ ಓರೆ ಮಾಡಿ ತೆಳಿಯನ್ನು ನೋಡಿದಳು, ಸುಬ್ಬ ನೋಡುತ್ತಿದ್ದ ಹಾಗೆಯೇ. ಒಂದು ಗುಟುಕು ಕುಡಿದಳು. ಆಮೇಲೆ ಒಂದು ತುತ್ತು. ಇನ್ನೊಂದು.

ಪುಷ್ಪ ಅವಳ ಮುಖ ನೋಡಲಿಲ್ಲ, ಬೆರಳುಗಳನ್ನೇ ನೋಡುತ್ತಿದ್ದಳು. ಗದ್ದೆಯ ಆಚೆ ಹೊಗೆ ತೆಳ್ಳಗಾಗುತ್ತಾ ಬಂದಿತ್ತು. ಬೆರಳುಗಳು ಬಟ್ಟಲಿಗೆ ಇಳಿದವು, ಬಾಯಿಗೆ ಏರಿದವು, ಮತ್ತೆ ಇಳಿದವು, ಕೊನೆಗೆ ತಳ ಸವರಿ ಉಳಿದ ಅಗುಳುಗಳನ್ನೂ ಬಳಿದುಕೊಂಡವು.

ಅಂಚಿನ ಮಿಡಿ ಇಟ್ಟಲ್ಲೇ ಇತ್ತು.