ಇಂದು ಒಣಹವೆ

“ಎರಡೆರಡು ಹೇಳಬ್ಯಾಡ್ರಿ ಸಾರ್. ಒಂದು ಹೇಳ್ರಿ,” ಎಂದ ಏಕಾಂತಪ್ಪ ಫೋನಿನಲ್ಲಿ.

ಬಸವಪ್ರಭು ಎರಡು ಪರದೆಗಳನ್ನು ನೋಡುತ್ತ ಕೂತಿದ್ದ. ಎಡಗಡೆಯದು ಅವನದು. ಮಲೆಬೆನ್ನೂರಿನ ಮೇಲಿನ ಆಕಾಶವನ್ನು ಚೌಕಚೌಕವಾಗಿ ಕತ್ತರಿಸಿ, ಗಾಳಿ, ಒತ್ತಡ, ತೇವವನ್ನೆಲ್ಲ ಸಮೀಕರಣಕ್ಕೆ ಹಾಕಿ, ಕಾಲೇಜಿನ ಯಂತ್ರಗಳು ಹನ್ನೊಂದು ಗಂಟೆ ಲೆಕ್ಕ ಮಾಡಿ ಹೇಳಿದ್ದು: ಒಣಹವೆ. ಬಲಗಡೆಯದು ಅವನ ಸಹಾಯಕಿ ಇರಮ್‌ಳದು. ಅದಕ್ಕೆ ಸಮೀಕರಣದ ಹಂಗಿಲ್ಲ. ನಲವತ್ತು ವರ್ಷದ ಹಳೆಯ ಹವೆಯ ದಾಖಲೆಗಳನ್ನು ನುಂಗಿಕೊಂಡು ಎರಡೇ ನಿಮಿಷದಲ್ಲಿ ಹೇಳಿದ್ದು: ಮಧ್ಯಾಹ್ನ ಮೂರರ ಮೇಲೆ ಜೋರು ಮಳೆ.

ಇವೆರಡನ್ನೂ ಹೋಲಿಸಿ ನೋಡುವ ಕೆಲಸವನ್ನು ದಾವಣಗೆರೆಯ ಆ ಕಾಲೇಜು ಅವನಿಗೇ ವಹಿಸಿತ್ತು. ದಿನವೂ ಬೆಳಿಗ್ಗೆ ಒಂದು ಮುನ್ಸೂಚನೆ ಏಕಾಂತಪ್ಪನ ಭತ್ತದ ಬೆಳೆಗಾರರ ಗುಂಪಿಗೆ ಹೋಗಬೇಕು. ಅರವತ್ತು ದಿನ ಆಗಿತ್ತು. ಅದರಲ್ಲಿ ನಲವತ್ತೊಂದು ದಿನ ಅವಳದೇ ಸರಿ. ಆ ಪಟ್ಟಿಯನ್ನು ಅವನು ಇನ್ನೂ ಯಾರಿಗೂ ತೋರಿಸಿರಲಿಲ್ಲ.

“ಹೆಂಗೆ ಸಾರ್? ಕೊಯ್ದ ಭತ್ತ ರಸ್ತೆ ಬದೀಗೆ ರಾಶಿ ಐತೆ. ಹರವೋದೋ, ಬ್ಯಾಡೋ?”

“ಹರವಿ.”

ಫೋನ್ ಇಟ್ಟ. ಹಿಂದೆ ಇರಮ್ ನಿಂತಿದ್ದಳು.

“ಮಳೆ ಎಂಬತ್ತು ಪರ್ಸೆಂಟ್ ತೋರಿಸ್ತಿದೆ ಸರ್, ಇವತ್ತು.”

“ನಿನ್ನದಕ್ಕೆ ಮಳೆ ಅಂದರೇನು ಅಂತಲೇ ಗೊತ್ತಿಲ್ಲ. ಹಳೇದನ್ನ ಕಾಪಿ ಹೊಡೆಯುತ್ತೆ.”

“ನಿಮ್ಮದಕ್ಕೆ ಗೊತ್ತಾ ಸರ್?”

ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅವನಿಗೆ ಸಹಿಸಲಾಗದ್ದು ಅದೇ. “ಗುಂಪಿಗೆ ಮೆಸೇಜ್ ಹಾಕು. ಇಂದು ಒಣಹವೆ.”

“ನೀವೇ ಹಾಕಿ,” ಎಂದು ಅವಳು ತನ್ನ ಕುರ್ಚಿಗೆ ಹೋದಳು.

ಅವನೇ ಹಾಕಿದ.

ಮಧ್ಯಾಹ್ನ ಕೆ.ಬಿ. ಬಡಾವಣೆಯ ಮನೆಯಲ್ಲಿ ಹೆಂಡತಿ ಸ್ನೇಹಾ ಎರಡನೇ ರೊಟ್ಟಿ ಹಾಕಲು ಬಂದಾಗ ಮೊದಲನೆಯದು ಹಾಗೇ ಇತ್ತು.

“ಯಾಕ, ಊಟ ಸೇರವಲ್ದೇನು?”

“ಮಲೆಬೆನ್ನೂರಿಗೆ ಹೋಗಿಬರ್ತೀನಿ.”

“ಅಲ್ಲೇನೈತೆ?”

“ಆಕಾಶ ನೋಡಬೇಕು.”

“ಇಲ್ಲಿಲ್ಲೇನು?” ಎಂದು ಅವಳು ತಟ್ಟೆ ಎತ್ತಿದಳು. ಕಾಲೇಜಿಗೆ ಮರಳಿದರೆ ಇರಮ್ ಏನೂ ಮಾತಾಡದೆ ಗಡಿಯಾರ ನೋಡುತ್ತ ಕೂತಿರುತ್ತಾಳೆ. ಅದಕ್ಕಿಂತ ಬಸ್ಸು ವಾಸಿ.

ಹರಿಹರದ ನಿಲ್ದಾಣದಲ್ಲಿ ಬಸ್ಸು ನಿಂತಾಗ ಎರಡೂವರೆ. ತೆಂಕಣ ದಿಕ್ಕಿನಲ್ಲಿ ಸುಣ್ಣದಂಥ ಬಿಸಿಲಿನ ಹಿಂದೆ ಮೋಡ ಎದ್ದಿತ್ತು. ಮುಂದಿನ ಸೀಟಿನವನು ಪಕ್ಕದವನಿಗೆ, “ಮಲೆಬೆನ್ನೂರ್ ಕಡೆ ಕಟ್ಟೈತೆ ನೋಡು,” ಎಂದ. ಹಾಗನ್ನಲು ಆ ಪ್ರಯಾಣಿಕನಿಗೆ ಯಾವ ಲೆಕ್ಕವೂ ಬೇಕಾಗಿರಲಿಲ್ಲ.

ಒಂದು ಫೋನ್ ಸಾಕು. ಅರ್ಧ ಗಂಟೆಯಲ್ಲಿ ಅವರು ಭತ್ತ ಬಳಿದು ಗುಡ್ಡೆ ಮಾಡಿ ತಾಡಪಾಲು ಹೊದಿಸುತ್ತಾರೆ. ಬಸವಪ್ರಭು ಏಕಾಂತಪ್ಪನ ನಂಬರು ತೆಗೆದ. ಹೆಸರಿನ ಮೇಲೆ ಹೆಬ್ಬೆರಳು ನಿಂತಿತು. ಹೇಳಿದರೆ ಇರಮ್‌ಳದು ನಲವತ್ತೆರಡಾಗುತ್ತದೆ. ಹೇಳದಿದ್ದರೂ ಆಗುತ್ತದೆ. ಇಂಥ ಮೋಡಗಳು ಎಷ್ಟೋ ಸಲ ಕರಗಿಹೋಗುತ್ತವೆ, ಎಂದುಕೊಂಡ. ಬಸ್ಸು ಹೊರಟಿತು. ಪರದೆ ತಾನೇ ಕಪ್ಪಾಯಿತು.

ಬರಲಿ, ಎಂದೂ ಒಮ್ಮೆ ಅನಿಸಿತು. ಎಲ್ಲಾ ತೊಯ್ದುಹೋಗಲಿ. ಯಾರ ಮೇಲೆ ಈ ಸಿಟ್ಟು ಎಂದು ಅವನು ತನ್ನನ್ನು ಕೇಳಿಕೊಳ್ಳಲಿಲ್ಲ.

ಮಳೆ ಮೂರೂ ಹತ್ತಕ್ಕೆ ಶುರುವಾಯಿತು, ಇಪ್ಪತ್ತೇ ನಿಮಿಷ. ಅವನು ಇಳಿದಾಗ ರಸ್ತೆ ಬದಿಯ ಭತ್ತ ಕೆಂಪು ನೀರಿನೊಂದಿಗೆ ಚರಂಡಿಗೆ ಹರಿಯುತ್ತಿತ್ತು. ಗಂಡಸರು ಹಲಗೆಯಿಂದ ಬಳಿಯುತ್ತಿದ್ದರು. ಗುರುಶಾಂತಮ್ಮನೆಂಬ ಮುದುಕಿ ಚರಂಡಿಗೆ ಸೀರೆಯ ಸೆರಗನ್ನೇ ಅಡ್ಡ ಹಿಡಿದು ಕೂತಿದ್ದಳು. ಅವಳಿಗೆ ಅವನ ಗುರುತಿರಲಿಲ್ಲ. “ನಿಂತು ಏನ್ ನೋಡ್ತೀಯಪ್ಪ, ಆ ಕಡೆ ಹಿಡಿ,” ಎಂದಳು.

ಏಕಾಂತಪ್ಪ ತೊಯ್ದ ಅಂಗಿಯಲ್ಲಿ ಎದುರಿಗೆ ಬಂದ. ಬೈಯಲಿಲ್ಲ.

“ಹರಿಹರದ ಮ್ಯಾಲೆ ಬಂದ್ರೇನು?”

“ಹೂಂ.”

“ಅಲ್ಲಿಂದ ಕಾಣ್ತಿತ್ತಲ್ರೀ.”

“ಬಸ್ಸಿನ ಗಾಜು ಮಸುಕಾಗಿತ್ತು.”

ಏಕಾಂತಪ್ಪ ಅಂಗಿಯ ತುದಿ ಹಿಂಡಿದ. “ನಿಮ್ಮ ಕಾಲೇಜಿನ ಆ ಹುಡುಗಿ ಫೋನ್ ಮಾಡಿದ್ಲು, ಹನ್ನೊಂದಕ್ಕೆ. ಎತ್ತಿಡ್ರಿ ಅಂದ್ಲು. ನಾನೇ, ಸಾರ್ ಹೇಳ್ಯಾರ ಬಿಡವ್ವ, ಅಂದೆ.”

ಬಸವಪ್ರಭುವಿಗೆ ಹೇಳಲು ಸಿಕ್ಕಿದ್ದು, “ಅವಳು ನನಗೆ ತಿಳಿಸಲಿಲ್ಲ,” ಎಂಬ ಒಂದೇ ಮಾತು. ಅದನ್ನೂ ಹೇಳಿದ.

“ಹೌದಾ,” ಎಂದ ಏಕಾಂತಪ್ಪ.

ಉಳಿದ ರಾಶಿಯ ಮೇಲೆ ಯಾರೋ ಆತುರದಲ್ಲಿ ನೀಲಿ ತಾಡಪಾಲು ಎಳೆದಿದ್ದರು. ಮೂರು ಮೂಲೆ ಕಟ್ಟಿತ್ತು: ಟ್ರಾಲಿಗೊಂದು, ಕರೆಂಟ್ ಕಂಬಕ್ಕೊಂದು, ಬೇವಿನ ಮರಕ್ಕೊಂದು. ನಾಲ್ಕನೆಯದನ್ನು ಏಕಾಂತಪ್ಪ ಅವನ ಕೈಗೆ ಕೊಟ್ಟ. “ಹಗ್ಗ ತರ್ತೀನಿ. ಕೆಳಗೆ ಬಿಡಬ್ಯಾಡ್ರಿ, ನೀರು ಭತ್ತದ ಮ್ಯಾಲೆ ಬೀಳ್ತತಿ.”

ಹೋದ. ಬಿಸಿಲು ಮತ್ತೆ ಬಂತು. ಜನ ಒಬ್ಬೊಬ್ಬರೇ ಟ್ರ್ಯಾಕ್ಟರ್ ಹತ್ತಿದರು. ಮುದುಕಿಯೂ ಸೆರಗು ಹಿಂಡಿ, ಮಡಿಲಲ್ಲಿ ಒಂದಿಷ್ಟು ಕಾಳು ಕಟ್ಟಿಕೊಂಡು ಎದ್ದಳು. ಹಗ್ಗ ಬರಲಿಲ್ಲ.

ಬಸವಪ್ರಭು ಎರಡೂ ಕೈ ತಲೆಯ ಮೇಲೆತ್ತಿ ನಿಂತಿದ್ದ. ತೋಳು ಸೋಲತೊಡಗಿತ್ತು. ತಾಡಪಾಲಿನ ಜೋತುಬಿದ್ದ ಹೊಟ್ಟೆಯಲ್ಲಿ ನಿಂತ ನೀರಿನೊಳಗೆ ಆಕಾಶವಿತ್ತು, ಒಂದು ಮೋಡವೂ ಇಲ್ಲದ್ದು. ಅವನ ಕೈ ಅಲುಗಿದಂತೆಲ್ಲ ಅದು ಅವನ ಕಡೆಗೇ ವಾಲುತ್ತಿತ್ತು.