ಗೋಡೆ ನುಂಗಿದ ಗುಂಡು

ಕಾಂಕ್ರೀಟ್ ಗೋಡೆಗೆ ಸೆಂಟ್ರಿಂಗ್ ಕಟ್ಟುವವರ ಹಣೆಯಲ್ಲಿ ಹೊಗಳಿಕೆ ಬರೆದಿಲ್ಲ. ಹಲಗೆ ನಿಲ್ಲಿಸಿ, ಆಧಾರ ಕೊಟ್ಟು, ಬೆಣೆ ಬಡಿದು ಕಟ್ಟಿದ್ದನ್ನೆಲ್ಲ ಕೆಲವೇ ದಿನದಲ್ಲಿ ಅವರೇ ಕಿತ್ತು ಹಾಕಬೇಕು. ನೋಡಲು ಬಂದವರು ಗೋಡೆಯನ್ನು ನೋಡುತ್ತಾರೆ. ಅದಕ್ಕೆ ಆಕಾರ ಕೊಟ್ಟ ಹಲಗೆ ಅಷ್ಟರಲ್ಲಿ ಇನ್ನೊಂದು ಗೋಡೆಗೆ ಹೋಗಿರುತ್ತದೆ. ತಪ್ಪು ಮಾಡಿದರೆ ಮಾತ್ರ ಅದು ಕಲ್ಲಾಗಿ ನಿಂತು ಎಲ್ಲರ ಕಣ್ಣಿಗೂ ಬೀಳುತ್ತದೆ. ನಮ್ಮ ಅಳಿಯ ಮಾಡಿದ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ಅವನ ಕಷ್ಟ ಶುರುವಾಗಿದ್ದೇ ಅಲ್ಲಿಂದ.

ಅವನು ಮೇಸ್ತ್ರಿಯ ಅಳಿಯ, ಹಾಗಾಗಿ ಕೆಲಸದ ಜಾಗದಲ್ಲಿ ಎಲ್ಲರಿಗೂ ಅಳಿಯನೇ. ಕೆಟ್ಟ ಕೆಲಸಗಾರನಲ್ಲ. ಗರಗಸ ಹಿಡಿದರೆ ಗೆರೆ ತಪ್ಪುತ್ತಿರಲಿಲ್ಲ. ಆದರೆ ಯಾರಾದರೂ "ಎಲ್ಲಾ ಮಾವನ ಕೃಪೆ" ಎಂದು ಕಿಸಕ್ಕನೆ ನಕ್ಕರೆ ಕಿವಿ ಕೆಂಪಗಾಗುತ್ತಿತ್ತು. ಹಾಗೆ ನಗುವವರಿಗೆ ಆ ತಂಡದಲ್ಲಿ ಬರವಿರಲಿಲ್ಲ.

ತಂಡಕ್ಕೆ ಒಂದು ಕಟ್ಟಳೆಯಿತ್ತು. ಗೋಡೆಯ ಎರಡೂ ಕಡೆ ಹಲಗೆ ನಿಲ್ಲಿಸುವಾಗ ಬುಡದಲ್ಲಿ ಒಂದು ಕಿಂಡಿ ಬಿಡುತ್ತಾರೆ. ಒಳಗೆ ಬಿದ್ದ ಮರದ ಹೊಟ್ಟು, ತಂತಿ ಚೂರು, ಸಿಗರೇಟು ತುಂಡು ಎಲ್ಲವನ್ನೂ ಅದರಿಂದ ಬಾಚಿ ತೆಗೆದ ಮೇಲೆ ಒಬ್ಬನು ಭುಜದವರೆಗೆ ಕೈ ತೂರಿಸಿ ತಡಕಾಡಿ, ಕಿಂಡಿಗೆ ಹಲಗೆ ಬಡಿದು, "ಹೊಟ್ಟೆ ಖಾಲಿ!" ಎಂದು ಕೂಗಬೇಕು. ಆ ಕೂಗು ಕೇಳದೆ ಪಂಪಿನವನು ಕಾಂಕ್ರೀಟ್ ಬಿಡುವಂತಿಲ್ಲ, ಇಂಜಿನಿಯರ್ ಬಂದು ಕುಣಿದರೂ ಬಿಡುವಂತಿಲ್ಲ. ಇಷ್ಟು ವರ್ಷ ಮೇಸ್ತ್ರಿಯೇ ಕೂಗುತ್ತಿದ್ದರು. ಮಂಡಿ ಮಾತು ಕೇಳದಂತಾದ ಮೇಲೆ ಆ ಕೂಗನ್ನು ಅಳಿಯನಿಗೆ ಒಪ್ಪಿಸಿದರು. ನಗುವವರ ಬಾಯಿಗೆ ಬೀಗ ಬಿತ್ತು.

ನೆಲಮಾಳಿಗೆಯ ಉದ್ದನೆಯ ಗೋಡೆಯ ದಿನ ಅವನು ಕೈ ತೂರಿಸಿದ, ತಡಕಾಡಿದ, ಕಿಂಡಿ ಮುಚ್ಚಿ ಮೊಳೆ ಬಡಿದ. ಕೂಗುವ ಮೊದಲು ಹಲಗೆ ನೆಟ್ಟಗಿದೆಯೇ ಎಂದು ಇನ್ನೊಂದು ಸಲ ನೋಡೋಣ ಎನ್ನಿಸಿತು. ತನ್ನ ತೂಗುಗುಂಡನ್ನೇ ಇಳಿಬಿಟ್ಟು ನೋಡಬಹುದಿತ್ತು. ಆದರೆ ದೊಡ್ಡ ಗೋಡೆಗೆ ದೊಡ್ಡವರ ಸಾಮಾನೇ ಆಗಬೇಕೆಂಬ ಹಮ್ಮು. ತೆರೆದಿದ್ದ ಪೆಟ್ಟಿಗೆಯಿಂದ ಮಾವನ ಹಿತ್ತಾಳೆ ತೂಗುಗುಂಡನ್ನು ಕೇಳದೆ ಎತ್ತಿಕೊಂಡು ಮೇಲೆ ಹತ್ತಿದ. ಆ ಗುಂಡನ್ನು ಮೇಸ್ತ್ರಿ ಯಾರಿಗೂ ಮುಟ್ಟಿಸುತ್ತಿರಲಿಲ್ಲ. ಅದು ಅವರಿಗೆ ಕೆಲಸ ಕಲಿಸಿದ ಗುರು ಸಾಯುವ ಮುಂಚೆ ಕೈಯಲ್ಲಿಟ್ಟ ಗುಂಡು.

ಇಳಿಬಿಟ್ಟು ನೋಡಿದ. ನೆಟ್ಟಗಿತ್ತು. ದಾರ ಸುತ್ತಿ ಗುಂಡನ್ನು ಹಲಗೆಯ ಅಂಚಿನ ಮೇಲಿಟ್ಟು, ಸಡಿಲವಾಗಿದ್ದ ಒಂದು ಬೆಣೆಗೆ ಸುತ್ತಿಗೆ ಎತ್ತಿದ. ಮೊಣಕೈ ತಗುಲಿತು. ಗುಂಡು ಎರಡು ಹಲಗೆಗಳ ನಡುವೆ, ಕಂಬಿಗಳಿಗೆ ಠಣ್ ಠಣ್ ಎಂದು ಬಡಿಯುತ್ತಾ ಕೆಳಗಿಳಿದು ಸುಮ್ಮನಾಯಿತು.

"ಏನಾಯ್ತು ಅಳಿಯಂದ್ರೇ? ಲಾರಿ ನಿಂತಿದೆ, ಕಾಂಕ್ರೀಟ್ ಗಟ್ಟಿಯಾಗುತ್ತೆ!" ಕೆಳಗಿನಿಂದ ಮೇಸ್ತ್ರಿಯ ದನಿ.

ಮೊಳೆ ಕಿತ್ತು ಕೈ ಹಾಕಿದ್ದರೆ ಮುಗಿಯುತ್ತಿತ್ತು. ಒಂದು ಬೈಗುಳ, ಒಂದಿಷ್ಟು ನಗು. ಆದರೆ ಎಲ್ಲರೂ ಮುಖವೆತ್ತಿ ನೋಡುತ್ತಿದ್ದರು, ನಗಲು ಕಾದಿದ್ದವರೂ ಸೇರಿ. ಅವನು "ಹೊಟ್ಟೆ ಖಾಲಿ!" ಎಂದು ಕೂಗಿದ. ಎಂದಿಗಿಂತ ಜೋರಾಗಿಯೇ ಕೂಗಿದ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಪಂಪು ಗುಡುಗಿತು, ಬೂದು ಬಣ್ಣದ ಕಾಂಕ್ರೀಟ್ ಗೋಡೆಯ ಹೊಟ್ಟೆಗೆ ಸುರಿಯಿತು.

ಸಾಮಾನು ಪೆಟ್ಟಿಗೆಯ ಬೀಗದಕೈ ಇರುತ್ತಿದ್ದದ್ದು ಎಣ್ಣೆಕ್ಕನ ಹತ್ತಿರ. ಕಾಂಕ್ರೀಟ್ ಅಂಟದಿರಲೆಂದು ಹಲಗೆಗಳಿಗೆ ಎಣ್ಣೆ ಬಳಿಯುವುದು ಅವಳ ಕೆಲಸ, ಹಾಗಾಗಿ ಆ ಹೆಸರು. ಬಾಯಿ ತೆಗೆದರೆ ತಮಾಷೆ. "ಮದುವೆ ಹೆಣ್ಣಿಗೂ ಇಷ್ಟು ನಯವಾಗಿ ಬಳಿಯಲ್ಲ ಕಣ್ರೋ" ಎಂದು ಹಲಗೆಯ ಕೆನ್ನೆ ಸವರುತ್ತಿದ್ದಳು. ಸೊಟ್ಟಗಾದ ಮೊಳೆಗಳನ್ನು ಆಯ್ದು ಗುಜರಿಗೆ ಕೊಂಡೊಯ್ಯಲು ಮೇಸ್ತ್ರಿಯೇ ಒಪ್ಪಿದ್ದರು. ಸಂಜೆ ಗುಂಡು ಇಲ್ಲವೆಂದು ಗೊತ್ತಾದಾಗ ಎಲ್ಲರಿಗೂ ನೆನಪಾಗಿದ್ದು ಆ ಮೊಳೆಗಳು.

"ಹಿತ್ತಾಳೆ ಅಲ್ವಾ, ಗುಜರೀಲಿ ಒಳ್ಳೆ ರೇಟು" ಎಂದ ಕಂಬಿ ಕಟ್ಟುವವನು, ಯಾರಿಗೂ ಅಲ್ಲ ಎಂಬಂತೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಳಿಯ ಮೊಣಕೈ ಮುಟ್ಟಿಕೊಂಡ. ಯಾರೂ ಗಮನಿಸಲಿಲ್ಲ. ಎಲ್ಲರೂ ಎಣ್ಣೆಕ್ಕನ ಚೀಲ ನೋಡುತ್ತಿದ್ದರು.

ಮನೆಯಲ್ಲಿ ಹೆಂಡತಿ ಪಾತ್ರೆ ತೊಳೆಯುತ್ತಾ ಅದೇ ಮಾತು ತೆಗೆದಳು. "ಎಣ್ಣೆಕ್ಕ ಕದೀತಾಳಾ? ನಾನು ಚಿಕ್ಕೋಳಿದ್ದಾಗ ಅಪ್ಪನ ಜೊತೆ ಕೆಲಸದ ಜಾಗಕ್ಕೆ ಹೋದ್ರೆ ನನ್ನ ತಲೆ ಬಾಚ್ತಿದ್ದೋಳು ಅವಳು. ಯಾರೋ ಎಲ್ಲೋ ಬೀಳಿಸಿ ಬಾಯಿ ಮುಚ್ಕೊಂಡಿದ್ದಾರೆ, ನೋಡ್ತಿರಿ."

"ಇರ್ಬೋದು" ಎಂದ ಅವನು. ಹೇಳಿಬಿಡಬೇಕು ಎನ್ನಿಸಿತು. ಆದರೆ ಗುಂಡು ಬಿದ್ದದ್ದು ಕೈತಪ್ಪು, ಕೂಗಿದ್ದು ಕೈತಪ್ಪಲ್ಲ. ಅದನ್ನು ಯಾವ ಬಾಯಲ್ಲಿ ಹೇಳುವುದು?

ಹೇಡಿಗೆ ಉಪಾಯ ಬೇಗ ಹೊಳೆಯುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮಾರನೆಯ ದಿನ ಅಂಗಡಿ ಅಂಗಡಿ ಸುತ್ತಿ ಅಂಥದ್ದೇ ಒಂದು ಹಿತ್ತಾಳೆ ಗುಂಡು ತಂದ. ಮರಳಲ್ಲಿ ತಿಕ್ಕಿ ಹಳತು ಮಾಡಿದ. ಎಣ್ಣೆ ಬಳಿಯುವ ಜಾಗದ ಹತ್ತಿರ ಹಲಗೆ ರಾಶಿಯ ಕೆಳಗೆ ತಳ್ಳಿಟ್ಟು, ತಾನೇ ಹುಡುಕಿದಂತೆ ನಟಿಸಿ, "ಮಾವಾ, ಸಿಕ್ತು!" ಎಂದು ಓಡಿಬಂದ.

ಮೇಸ್ತ್ರಿ ಅದನ್ನು ಅಂಗೈಯಲ್ಲಿಟ್ಟು ಒಮ್ಮೆ ತೂಗಿದರು. ನೋಡಲೂ ಇಲ್ಲ.

"ಇದು ನಂದಲ್ಲ" ಎಂದರು. "ಎಲ್ಲಿ ಸಿಕ್ತು?"

"ಎಣ್ಣೆ ಬಳಿಯೋ ಜಾಗದಲ್ಲಿ..." ಮಾತು ಬಾಯಿಂದ ಜಾರಿದ ಮೇಲೆ ಅವನಿಗೆ ತಾನು ಹೇಳಿದ್ದೇನೆಂದು ಅರ್ಥವಾಯಿತು.

ಮೇಸ್ತ್ರಿಯ ಮನಸ್ಸಿನಲ್ಲಿ ನಡೆದ ಲೆಕ್ಕ ಎಲ್ಲರಿಗೂ ಕಾಣುವಂತಿತ್ತು: ಮಾರಿಕೊಂಡವಳು ಹೆದರಿ ಬದಲು ತಂದಿಟ್ಟಿದ್ದಾಳೆ. ನಿನ್ನೆಯವರೆಗೆ ಪಿಸುಮಾತಾಗಿದ್ದದ್ದಕ್ಕೆ ಇಂದು ಸಾಕ್ಷಿ ಸಿಕ್ಕಿತು, ಸಾಕ್ಷಿ ತಂದುಕೊಟ್ಟವನು ಅಳಿಯ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಹಳೆಯ ಮಾತು. ಇಲ್ಲಿ ಎತ್ತೇ ಕೈಯಾರೆ ಕಬ್ಬಿಣ ಕಾಯಿಸಿಕೊಟ್ಟಿತ್ತು.

"ಎಣ್ಣೆಕ್ಕ, ಬೀಗದಕೈ ಕೊಡಮ್ಮ" ಎಂದರು ಮೇಸ್ತ್ರಿ.

ಅವಳು ಬ್ರಷ್ ಕೆಳಗಿಟ್ಟಳು. ಕೊರಳ ದಾರದಿಂದ ಬೀಗದಕೈ ಬಿಚ್ಚಿ ಕೊಟ್ಟಳು. ನಗಲು ನೋಡಿದಳು, ಆಗಲಿಲ್ಲ.

"ಕೈ ತೋರಿಸಿ ಆಣೆ ಮಾಡೋಣ ಅಂದ್ರೆ ಯಾವಾಗ್ಲೂ ಎಣ್ಣೆ ಕೈ ಮೇಸ್ತ್ರಿ ನಂದು. ಶುದ್ಧ ಅಂತ ಹೆಂಗೆ ತೋರಿಸ್ಲಿ?"

ಕೆಲಸದಿಂದ ತೆಗೆಯಲಿಲ್ಲ. ಅದಕ್ಕಿಂತ ಕೆಟ್ಟದ್ದಾಯಿತು. ಊಟದ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಅವಳು ಗೋಡೆಯ ಕಡೆ ಮುಖ ಮಾಡಿ ಕೂತು ತಿಂದಳು. ಅಳಿಯನೂ ತನ್ನ ಚೀಲವನ್ನು ಎತ್ತಿಕೊಂಡಿದ್ದ.

ಹಲಗೆ ಬಿಚ್ಚುವ ದಿನ ಬಂತು. ಗುಂಡು ಅಂಚಿಗೆ ಬಂದು ಗೋಡೆಯ ಮುಖದಲ್ಲೇ ಕೂತಿದ್ದರೆ? ಒಂದೊಂದು ಹಲಗೆ ಕಿತ್ತಾಗಲೂ ಕಣ್ಣು ಮುಚ್ಚಿ ತೆರೆಯುತ್ತಿದ್ದ. ಗೋಡೆ ಕನ್ನಡಿಯಂತೆ ಹೊರಬಂತು. ಒಂದು ತೂತಿಲ್ಲ, ಒಂದು ಉಬ್ಬಿಲ್ಲ. ಇಂಜಿನಿಯರ್ ಕೂಡ ಸವರಿ ನೋಡಿ ತಲೆಯಾಡಿಸಿದ.

ಮೇಸ್ತ್ರಿ ಅವನ ಬೆನ್ನು ತಟ್ಟಿದರು. "ನನ್ನ ಕೈಲೂ ಇಂಥ ಗೋಡೆ ಬಂದಿಲ್ಲ ಅಳಿಯಂದ್ರೇ."

ಬೆನ್ನು ಸುಟ್ಟಂತಾಯಿತು. ತಾನಾಗಿ ಹೇಳಲಾರದವನಿಗೆ ಸಿಕ್ಕಿಬೀಳುವುದೊಂದೇ ದಾರಿಯಾಗಿತ್ತು, ಈಗ ಗೋಡೆ ಅದನ್ನೂ ಮುಚ್ಚಿತು. ಇನ್ನು ಅವನು ಬದುಕಿರುವಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಎಣ್ಣೆಕ್ಕ ಬದುಕಿರುವಷ್ಟು ದಿನ ಕಳ್ಳಿಯಾಗಿರುತ್ತಾಳೆ.

ಮಧ್ಯಾಹ್ನ ಅವಳು ಬಿಚ್ಚಿದ ಹಲಗೆಗಳ ಅಂಚು ಕೆರೆಯುತ್ತಿದ್ದಳು. ಎರಡು ಹಲಗೆ ಸೇರುವ ಸಂದಿಯಲ್ಲಿ ಸಿಮೆಂಟಿನ ಹಾಲು ಒಸರಿ ತೆಳ್ಳಗೆ ಗಟ್ಟಿಯಾಗಿರುತ್ತದೆ, ಅದನ್ನು ಕೆರೆದ ಮೇಲೆಯೇ ಎಣ್ಣೆ. ಅವನು ಪಕ್ಕದಲ್ಲಿ ಹಾದುಹೋಗುವಾಗ ಕರೆದಳು.

"ಅಳಿಯಂದ್ರೇ, ಬನ್ನಿ ಇಲ್ಲಿ."

ಅವಳ ಅಂಗೈಯಲ್ಲಿ ಬೆರಳುದ್ದದ ದಾರದ ತುಂಡಿತ್ತು. ಕೆಂಪು, ಹಸಿರು, ಬಿಳಿ, ಮೂರೆಳೆ ಸೇರಿಸಿ ಹೆಣೆದದ್ದು. ಮೇಸ್ತ್ರಿಯ ಗುಂಡಿಗೆ ಆ ದಾರ ಹೆಣೆದುಕೊಟ್ಟಿದ್ದವಳು ಅವಳೇ.

"ಉದ್ದ ಗೋಡೆಯ ಹಲಗೆ ಇದು. ಸಂದೀಲಿ ಕಚ್ಕೊಂಡಿತ್ತು. ಗೋಡೇಲೂ ಒಂದು ಎಳೆ ಕಾಣುತ್ತೆ, ಕೂತು ನೋಡಿದ್ರೆ. ಕಿಂಡಿ ಮುಚ್ಚಿದ್ದು ನೀವು, ಕೂಗಿದ್ದು ನೀವು."

ಅವನು ಅವಳ ಪಕ್ಕ ಕುಕ್ಕರಿಸಿದ. "ಅಕ್ಕಾ, ಮೇಸ್ತ್ರಿಗೆ ಹೇಳಿಬಿಡಿ."

"ನಾನ್ ಹೇಳಲ್ಲ." ಈಗ ಅವಳು ಅಳಿಯಂದ್ರೇ ಎನ್ನಲಿಲ್ಲ. "ನಾನ್ ಹೇಳಿದ್ರೆ ಅದು ಕಳ್ಳಿ ಮಾತು ತಮ್ಮ. ದಾರಾನೂ ನಾನೇ ತಂದು ತುರುಕಿದೆ ಅಂತಾರೆ. ನೀನ್ ಹೇಳಿದ್ರೆ ಮಾತ್ರ ಅದು ಮಾತು." ದಾರವನ್ನು ಅವನ ಕೈಗೆ ಹಾಕಿ ಮತ್ತೆ ಕೆರೆಯತೊಡಗಿದಳು. "ಬೇಡ ಅನ್ನಿಸಿದ್ರೆ ಎಸೆದುಬಿಡು. ನನಗೆ ಅಭ್ಯಾಸ ಆಗ್ತಿದೆ."

ಆ ಕೊನೆಯ ಮಾತನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ಬೈದಿದ್ದರೆ ಬಹುಶಃ ಇನ್ನೂ ನಾಲ್ಕು ದಿನ ತಳ್ಳುತ್ತಿದ್ದನೇನೋ.

ಊಟಕ್ಕೆ ಎಲ್ಲರೂ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗಲೇ ಹೋಗಿ ಮಾವನ ಮುಂದೆ ನಿಂತ. ಗುಂಡು ಕೇಳದೆ ತೆಗೆದದ್ದು, ಅದು ಬಿದ್ದದ್ದು, ಬಿದ್ದ ಮೇಲೂ ಕೂಗಿದ್ದು, ಹೊಸ ಗುಂಡು ತಂದಿಟ್ಟಿದ್ದು, ಎಲ್ಲವನ್ನೂ ಹೇಳಿದ. ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದ. ಕಂಬಿ ಕಟ್ಟುವವನು ತನ್ನ ಚೀಲವನ್ನು ಮೆಲ್ಲಗೆ ಕೆಳಗಿಟ್ಟ.

"ಗೋಡೆ ಒಡೆದು ತೆಗೆದುಕೊಡ್ತೀನಿ ಮಾವ. ಬುಡದಲ್ಲೇ ಇದೆ."

ಮೇಸ್ತ್ರಿ ಎದ್ದು ಹೋಗಿ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಮಂಡಿ ಕಟಕಟ ಎಂದಿತು. ಆ ಒಂದೆಳೆ ದಾರವನ್ನು ಬೆರಳಲ್ಲಿ ಮುಟ್ಟಿದರು.

"ಬೇಡ. ಗೋಡೆ ಒಡೆದ್ರೆ ಗುಂಡು ಸಿಗುತ್ತೆ. ಆ ಹೆಣ್ಮಗಳ ಕೊರಳಿಂದ ಬೀಗದಕೈ ಬಿಚ್ಚಿಸ್ಕೊಂಡೆನಲ್ಲ, ಅದು ಯಾವ ಗೋಡೆ ಒಡೆದ್ರೆ ಸಿಗುತ್ತೆ?"

ಜೇಬಿನಿಂದ ಬೀಗದಕೈ ತೆಗೆದು ಎಣ್ಣೆಕ್ಕನ ಹತ್ತಿರ ಹೋದರು. "ತಪ್ಪಾಯ್ತಮ್ಮ. ತಗೋ."

ಅವಳು ಕೈ ಚಾಚಲಿಲ್ಲ. "ನಿಮ್ಮತ್ರಾನೇ ಇರ್ಲಿ ಮೇಸ್ತ್ರಿ. ನಾಳೆ ಇನ್ನೊಂದು ಕಳೆದ್ರೆ ಮತ್ತೆ ಎಲ್ರೂ ನನ್ನ ಚೀಲಾನೇ ನೋಡ್ತೀರಿ."

ಮೇಸ್ತ್ರಿ ಅಳಿಯನನ್ನು ಬೈಯಲಿಲ್ಲ. ಕೆಲಸ ಎಂದಿನಂತೆ ನಡೆಯಿತು, ಊಟ ಎಂದಿನಂತೆ ನಡೆಯಿತು. ಹೆಂಡತಿ ಮಾತ್ರ ವಿಷಯ ಕೇಳಿ, "ನಾನು ಹೇಳಿದಾಗ 'ಇರ್ಬೋದು' ಅಂದ್ರಲ್ಲ ನೀವು" ಎಂದಷ್ಟೇ ಹೇಳಿ ಒಳಗೆ ಹೋದಳು.

ಮುಂದಿನ ಗೋಡೆ ತಯಾರಾಯಿತು. ಕಿಂಡಿಯ ಮುಂದೆ ಯಾರು ಕೂರಬೇಕೆಂದು ಯಾರೂ ಹೇಳಲಿಲ್ಲ, ಹಾಗಾಗಿ ಅಳಿಯನೇ ಕೂತ. ಭುಜದವರೆಗೆ ಕೈ ತೂರಿಸಿದ. ಮೂಲೆ ಮೂಲೆ ತಡಕಾಡಿದ, ತಡಕಾಡಿದ್ದನ್ನೇ ಮತ್ತೆ ತಡಕಾಡಿದ. ಕಿಂಡಿಯ ಹಲಗೆ ಬಡಿದು, ಮೊಳೆ ಹೊಡೆದು, "ಹೊಟ್ಟೆ ಖಾಲಿ!" ಎಂದು ಕೂಗಿದ.

ಪಂಪು ಹೊರಡಲಿಲ್ಲ. ಪಂಪಿನವನು ಹಿಡಿಯ ಮೇಲೆ ಕೈಯಿಟ್ಟು ಮೇಸ್ತ್ರಿಯ ಮುಖ ನೋಡುತ್ತಿದ್ದ. ಕಂಬಿ ಕಟ್ಟುವವನೂ ನೋಡುತ್ತಿದ್ದ. ಯಾರೂ ನಗಲಿಲ್ಲ.

"ಎಣ್ಣೆಕ್ಕ" ಎಂದರು ಮೇಸ್ತ್ರಿ, "ನೀನೊಂದ್ಸಲ ನೋಡಮ್ಮ."

ಅಳಿಯನೇ ಮೊಳೆ ಕಿತ್ತು ಕಿಂಡಿ ತೆರೆದುಕೊಟ್ಟ. ಅವಳು ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಬಂದು, ಅವನ ಪಕ್ಕದಲ್ಲೇ ಕೂತು ಕೈ ತೂರಿಸಿದಳು. ನಿಧಾನವಾಗಿ ತಡಕಾಡಿದಳು.

"ಸರಿಯಾಗೇ ನೋಡಿದ್ದೀಯ ತಮ್ಮ" ಎಂದಳು, ಅವನಿಗೆ ಮಾತ್ರ ಕೇಳುವಂತೆ. ಅಳಿಯ ಕಿಂಡಿಗೆ ಹಲಗೆ ಹಿಡಿದು ಮೊಳೆ ಬಡಿದ ಮೇಲೆ ಅವಳು ಮುಖವೆತ್ತಿ ಕೂಗಿದಳು, "ಹೊಟ್ಟೆ ಖಾಲಿ!"

ಪಂಪು ಗುಡುಗಿತು. ಅಳಿಯ ಕೂಗಿದ್ದೂ ಅದೇ ಮಾತು, ಅದೂ ನಿಜವೇ ಆಗಿತ್ತು. ಪಂಪು ಹೊರಟಿದ್ದು ಮಾತ್ರ ಅವಳ ಕೂಗಿಗೆ.